ನೆಲ ಮುಟ್ಟುವ ಚಕ್ರಗಳು

ಸೂಜಿಯಕ್ಕನ ಮೋಟಾರ್ ಸೈಕಲ್ಲಿಗೆ ನಾಲ್ಕು ಚಕ್ರ. ಮುಂದೊಂದು, ಹಿಂದೊಂದು, ಹಿಂದಿನದರ ಎಡಕ್ಕೊಂದು, ಬಲಕ್ಕೊಂದು. ಹತ್ತೊಂಬತ್ತು ವರ್ಷ ಅದು ಊರಿನ ಬೀದಿಬೀದಿಗಳಲ್ಲಿ ಓಡಾಡಿತು. ಎಲ್ಲರೂ ನೋಡಿದರು, ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಳ್ಳುವುದಕ್ಕೆಂದೇ ಸಂಬಳ ಎಣಿಸುವವರ ಮುಂದೆ ಹೋಗಿ ಅವಳೇ ಬಾಯಿ ಬಿಡುವ ತನಕ ಎಲ್ಲ ನೆಟ್ಟಗಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಅದನ್ನು ಅವಳು ಸ್ವಂತ ಕೈಬರಹದಲ್ಲಿ, ನೀಲಿ ಶಾಯಿಯಲ್ಲಿ ಮಾಡಿದಳು.

ಅವಳ ಕೆಲಸ ಹೊಲಿಗೆ ಯಂತ್ರಗಳ ರಿಪೇರಿ. ಹುಟ್ಟಿದಾಗಿನಿಂದ ಬಲಗಾಲು ಸಣಕಲು, ಎಡಗಾಲಿಗಿಂತ ನಾಲ್ಕು ಬೆರಳು ಗಿಡ್ಡ. ದಪ್ಪ ಅಟ್ಟೆಯ ಒಂದು ಬೂಟು ಹಾಕಿ, ಕೈಗೊಂದು ಕೋಲು ಹಿಡಿದರೆ ನಡೆಯುತ್ತಾಳೆ. ಬೂಟು ಬಿಚ್ಚಿ ನಿಂತರೆ ಆ ಪಾದ ನೆಲಕ್ಕೆ ಎಟುಕುವುದಿಲ್ಲ. ಕೂತು ಮಾಡುವ ಕೆಲಸವಾದರೆ ಹುಡುಗಿ ಹೇಗೋ ಬದುಕಿಕೊಳ್ಳುತ್ತಾಳೆ ಎಂದು ಸೋದರಮಾವ ತನ್ನ ರಿಪೇರಿ ಅಂಗಡಿಯಲ್ಲಿ ಕೂರಿಸಿಕೊಂಡ. ಕೂತು ಮಾಡುವ ಕೆಲಸವೇನೋ ನಿಜ. ಆದರೆ ಒಂದೊಂದು ಯಂತ್ರ ಮಣಭಾರ. ಅವು ತಾವಾಗಿ ಅವಳ ಮುಂದೆ ಬಂದು ಕೂರುವುದಿಲ್ಲ, ಅವಳೇ ಹೋಗಬೇಕು. ಮಾವನಿಗೆ ಇದು ಹೊಳೆದಿರಲಿಲ್ಲ. ಹಾಗೆ ನೋಡಿದರೆ ಮಾವನಿಗೆ ಹೊಳೆದದ್ದು ಕಡಿಮೆಯೇ.

ಅವಳ ಭಾವ, ಅಂದರೆ ಅಕ್ಕನ ಗಂಡ, ಗೇಟು ಕಿಟಕಿಗಳಿಗೆ ವೆಲ್ಡಿಂಗ್ ಮಾಡುವವನು. ಮಾತು ಒರಟು, ಕೈ ಚೊಕ್ಕ. ಒಂದು ಹಳೆಯ ಮೋಟಾರ್ ಸೈಕಲ್ ತಂದು, ಬಲಗಾಲಿನ ಬ್ರೇಕನ್ನು ಕೈಗೆ ಬರುವಂತೆ ಮಾಡಿ, ಹಿಂದಕ್ಕೆ ಕಬ್ಬಿಣದ ಚೌಕಟ್ಟು ಕೂರಿಸಿ ಅದಕ್ಕೆರಡು ಪುಟ್ಟ ಚಕ್ರ ಜೋಡಿಸಿಕೊಟ್ಟ. ಸಿಗ್ನಲ್ಲಿನಲ್ಲಿ ನಿಂತಾಗ ಬೇರೆಯವರು ಕಾಲು ಊರುತ್ತಾರೆ; ಇವಳ ಗಾಡಿ ಚಕ್ರ ಊರುತ್ತದೆ. ಇಷ್ಟೇ ವಿದ್ಯೆ. "ಬಿದ್ರೆ ನನ್ನ ಕೇಳ್ಬೇಡ," ಎಂದು ಭಾವ ಬೀಗದ ಕೈ ಕೊಟ್ಟಿದ್ದ. ಹತ್ತೊಂಬತ್ತು ವರ್ಷದಲ್ಲಿ ಅವಳು ಬಿದ್ದಿರಲಿಲ್ಲ.

ಇನ್ನು ಸೂಜಿಯಕ್ಕನ ಸ್ವಭಾವ ಹೇಳಬೇಕು, ಅನಾಹುತಕ್ಕೆಲ್ಲ ಅದೇ ಮೂಲ. ಯಂತ್ರ ರಿಪೇರಿಯಲ್ಲಿ ಎರಡು ಜಾತಿ. ಒಬ್ಬರು ಎಣ್ಣೆ ಬಿಟ್ಟು, ಚಕ್ರ ನಾಲ್ಕು ಸಲ ತಿರುಗಿಸಿ, "ಆಯ್ತು ನೋಡಿ" ಎನ್ನುವವರು. ಇನ್ನೊಬ್ಬರು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ "ಆಯ್ತು" ಎನ್ನಲು ನಾಲಗೆ ಏಳದವರು. ಇವಳು ಎರಡನೆಯವಳು. ಬಟ್ಟೆಯನ್ನು ಅದುಮಿ ಹಿಡಿಯುವ ಒಂದು ಲೋಹದ ತುಂಡು ಯಂತ್ರದಲ್ಲಿರುತ್ತದೆ. ಅದಕ್ಕೆ ಪಾದ ಎನ್ನುತ್ತಾರೆ. ಆ ಪಾದದ ಕೆಳಗೆ ಒಂದು ಹಾಳೆ ತೂರಿಸಿ ಎಳೆದು ನೋಡುವುದು ಅವಳ ಕ್ರಮ. ಹಾಳೆ ಸರಿದರೆ ಪಾದ ಕೂತಿಲ್ಲ, ಸರಿಯದಿದ್ದರೆ ಕೂತಿದೆ. ಸುಮಾರಾಗಿ ಕೂತಿದೆ ಎನ್ನುವುದು ಅವಳ ಪ್ರಕಾರ ಸುಳ್ಳು.

ಇದೇ ಕಟ್ಟುನಿಟ್ಟು ತನ್ನ ಕಾಲಿನ ವಿಷಯದಲ್ಲೂ ಇತ್ತು. ಶಾಲೆಯಲ್ಲಿ ಮೇಷ್ಟ್ರು "ಒಂಟಿಕಾಲಿ" ಎಂದು ಹಾಜರಿ ಕೂಗಿದರೆ, ಎದ್ದು ನಿಂತು "ಎರಡಿದೆ ಸಾರ್, ಒಂದು ಗಿಡ್ಡ" ಎನ್ನುತ್ತಿದ್ದಳು. ಹೇಳಿದ್ದಕ್ಕೆ ಏಟು ತಿಂದಳು, ಮಾರನೆಯ ದಿನ ಮತ್ತೆ ಹೇಳಿದಳು. ಇಪ್ಪತ್ತಮೂರರಲ್ಲಿ ನೋಡಲು ಬಂದ ಗಂಡಿನ ತಾಯಿ, ಹುಡುಗಿ ಕೇಳಿಸಿಕೊಳ್ಳುವಂತೆಯೇ, "ಒಂದು ಕಾಲಿಲ್ಲ ಅನ್ನೋದು ಬಿಟ್ರೆ ಎಲ್ಲಾ ಲಕ್ಷಣವಾಗಿದೆ" ಎಂದರು. ಅವಳು ಸೀರೆಯ ಅಂಚನ್ನು ಒಂದಿಷ್ಟು ಎತ್ತಿ, "ಇದೆ, ಎಣಿಸ್ಕೊಂಡು ಹೋಗಿ" ಎಂದಳು. ಎಣಿಸಿದರೋ ಇಲ್ಲವೋ, ಹೋದದ್ದಂತೂ ಹೌದು. ನಲವತ್ತೇಳನೆಯ ವಯಸ್ಸಿನವರೆಗೂ ಅವಳು ಮತ್ತೆ ಯಾರಿಗೂ ತೋರಿಸಿ ಎಣಿಸುವ ಕೆಲಸ ಕೊಡಲಿಲ್ಲ.

ಆ ವರ್ಷ ಗಾಡಿಯ ನೋಂದಣಿ ಹೊಸದು ಮಾಡಿಸಬೇಕಿತ್ತು. ಹಿಂದಿನ ಸಲವೆಲ್ಲ ಭಾವನೇ ಹೋಗಿ ಏನೋ ಗೀಚಿ ತಂದಿದ್ದ. ಈ ಸಲ ಭಾವನಿಗೆ ಸೊಂಟ ಹಿಡಿದುಕೊಂಡಿತ್ತು, ಅವಳೇ ಹೋದಳು. ಸಾರಿಗೆ ಕಚೇರಿಯ ಗೇಟಿನ ಹೊರಗೆ ಮಡಿಸುವ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನೊಬ್ಬ ಕೂತಿದ್ದ. ಅವನಿಂದ ಖಾಲಿ ಅರ್ಜಿ ಕೊಂಡು, ಅವನ ಮೇಜಿನ ತುದಿಯಲ್ಲೇ ಇಟ್ಟು ತುಂಬಿದಳು. ಏಳನೆಯ ಸಾಲಿನಲ್ಲಿ "ಚಕ್ರಗಳ ಸಂಖ್ಯೆ" ಎಂದಿತ್ತು. ಅವಳು ತಿರುಗಿ ಗಾಡಿಯನ್ನೊಮ್ಮೆ ನೋಡಿ "ನಾಲ್ಕು" ಎಂದು ಬರೆದಳು.

ಅರ್ಜಿ ಬರೆಯುವವನು ಕತ್ತು ಚಾಚಿ ನೋಡಿ ಬೆಚ್ಚಿಬಿದ್ದ. "ಅಕ್ಕಾ, ಎರಡು ಅಂತ ಬರೀರಿ."

"ನಾಲ್ಕಿದೆಯಲ್ಲಪ್ಪ."

"ಇರಲಿ ಬಿಡಿ. ಇರೋದನ್ನೇ ಬರೆಯೋ ಹಾಗಿದ್ರೆ ನಾನು ಇಲ್ಲಿ ಯಾಕೆ ಕೂತಿರ್ತಿದ್ದೆ?"

ಅವನ ಮಾತಿನಲ್ಲಿ ಇಪ್ಪತ್ತು ವರ್ಷದ ಅನುಭವವಿತ್ತು. ಸೂಜಿಯಕ್ಕ ಅದನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಕೆಳಗಿನ ಹಜಾರದಲ್ಲಿ ದ್ವಿಚಕ್ರದ ಕಿಟಕಿ. ಅಲ್ಲಿನ ಗುಮಾಸ್ತ ಅರ್ಜಿ ಓದಿ, ಕನ್ನಡಕ ಹಣೆಗೇರಿಸಿ, "ನಾಲ್ಕು ಚಕ್ರದ್ದು ಮೇಲೆ ಮೇಡಂ" ಎಂದ. ಮೇಲೆ ಎಂದರೆ ಇಪ್ಪತ್ತೆರಡು ಮೆಟ್ಟಿಲು. ಹಿಡಿದುಕೊಳ್ಳುವ ಕಂಬಿ ಹನ್ನೊಂದಕ್ಕೇ ಮುಗಿಯುತ್ತದೆ, ಉಳಿದದ್ದನ್ನು ನಿಮ್ಮ ಧೈರ್ಯಕ್ಕೆ ಬಿಟ್ಟಿದ್ದಾರೆ. ಹತ್ತಿದಳು. ಮೇಲಿನ ಗುಮಾಸ್ತನ ಬಳಿ ನಾಲ್ಕು ಚಕ್ರದ ವಾಹನಕ್ಕೆ ಏನೇನಿರಬೇಕೆಂಬ ಪಟ್ಟಿಯಿತ್ತು. ಅವನು ಒಂದೊಂದಾಗಿ ಕೇಳಿದ.

"ಸ್ಟಿಯರಿಂಗ್?"

"ಹ್ಯಾಂಡಲ್ ಇದೆ."

"ಮುಂದಿನ ಗಾಜು ಒರೆಸೋ ವೈಪರ್?"

"ಗಾಜೇ ಇಲ್ಲ ಸಾರ್."

"ಬಾಗಿಲೆಷ್ಟು?"

ಸೂಜಿಯಕ್ಕ ಸ್ವಲ್ಪ ಯೋಚಿಸಿ, "ಎಲ್ಲಾ ಕಡೆಯಿಂದಾನೂ ಹತ್ತಬಹುದು" ಎಂದಳು. ಅವನು ಅದನ್ನೂ ಬರೆದುಕೊಂಡ. ಬರೆದುಕೊಂಡು, ಇದು ಕಾರಲ್ಲ, ಆದ್ದರಿಂದ ಕೆಳಗೆ ಹೋಗಿ ಎಂದ. ಇಳಿದಳು. ಕೆಳಗಿನವನು, ನಾಲ್ಕು ಎಂದು ನೀವೇ ಬರೆದಿದ್ದೀರಿ, ಆದ್ದರಿಂದ ಮೇಲೆ ಹೋಗಿ ಎಂದ. ಅಂಗವಿಕಲರ ವಾಹನ ಎಂದೊಂದು ವರ್ಗ ಇದೆಯಲ್ಲ ಎಂದು ಅವಳೇ ಗೋಡೆಯ ಮೇಲಿನ ಫಲಕ ತೋರಿಸಿದಳು. ಇದೆ, ಆದರೆ ಚಕ್ರಗಳು ಕಾರ್ಖಾನೆಯಿಂದಲೇ ಜೋಡಣೆಯಾಗಿ ಬಂದಿರಬೇಕು, ನಿಮ್ಮ ಭಾವನ ಶೆಡ್ಡು ಕಾರ್ಖಾನೆ ಎಂದು ರಿಜಿಸ್ಟರ್ ಆಗಿದೆಯೇ ಎಂದು ಕೇಳಿದ. ಅದರ ತಗಡಿನ ಚಾವಣಿಯೇ ಸರಿಯಾಗಿ ಕೂತಿರಲಿಲ್ಲ. ರಿಜಿಸ್ಟರ್ ಎಲ್ಲಿಂದ ಬರಬೇಕು.

ಹಾಗಾದರೆ ಹೋಗಲಿ, ಗಾಡಿ ತಗೊಂಡು ಮನೆಗೆ ಹೋಗುತ್ತೇನೆ ಎಂದಳು. ಆಗ ಇಬ್ಬರೂ ಗುಮಾಸ್ತರು ಮೊದಲ ಬಾರಿಗೆ ಒಂದೇ ಮಾತಾಡಿದರು: ಯಾವ ವರ್ಗದ್ದೆಂದು ತೀರ್ಮಾನವಾಗದ ವಾಹನ ರಸ್ತೆಗಿಳಿಯುವಂತಿಲ್ಲ. ಗಾಡಿಯನ್ನು ಕಚೇರಿಯ ಹಿಂದಿನ ಅಂಗಳದಲ್ಲಿ, ಅಪಘಾತದಲ್ಲಿ ನಜ್ಜುಗುಜ್ಜಾದ ಲಾರಿಯೊಂದರ ಪಕ್ಕ ನಿಲ್ಲಿಸಿ ಸರಪಳಿ ಹಾಕಿದರು.

ಭಾವ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮಂಚದ ಮೇಲೆ ಮಲಗಿದ್ದವನು ಸುದ್ದಿ ಕೇಳಿ ಎದ್ದು ಕೂತ. "ಎರಡು ಅಂತ ಬರೆದಿದ್ರೆ ನಿನ್ನ ಕೈ ಬಿದ್ದುಹೋಗ್ತಿತ್ತಾ?"

"ನೀವೇ ತಾನೆ ಭಾವ ನಾಲ್ಕು ಮಾಡಿದ್ದು?"

"ಮಾಡಿದ್ದು ಓಡಾಡೋಕೆ ಕಣೇ, ಊರಿಗೆಲ್ಲಾ ಡಂಗುರ ಸಾರೋಕಲ್ಲ." ಮತ್ತೆ ಮಲಗಲು ಹೋಗಿ, ಸೊಂಟ ಹಿಡಿದು, ಉಳಿದ ಬೈಗುಳವನ್ನು ಸೊಂಟಕ್ಕೆ ಬೈದ.

ನಗುವ ವಿಷಯ ಅಲ್ಲಿಗೆ ಮುಗಿಯಿತು. ಊರಾಚೆ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸಮನೆಯಿತ್ತು, ನಲವತ್ತು ಯಂತ್ರ. ಹನ್ನೊಂದು ವರ್ಷದಿಂದ ಅವುಗಳ ಆರೈಕೆ ಸೂಜಿಯಕ್ಕನದು. ಮನೆಮನೆಯ ಚಿಲ್ಲರೆ ಕೆಲಸ ಉಪ್ಪಿಗಾದರೆ ಊಟಕ್ಕೆ ಇದೇ. ಬಸ್ಸು ಅರ್ಧ ದಾರಿಗೇ ತಿರುಗುತ್ತದೆ. ಉಳಿದ ದಾರಿಯನ್ನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಬ್ಬಿಣದ ಸಲಕರಣೆ ಪೆಟ್ಟಿಗೆ ಹಿಡಿದು ನಡೆಯುವುದು ಅವಳಿಂದಾಗದು. ಗಾಡಿ ಸರಪಳಿ ಸೇರಿ ಒಂಬತ್ತು ದಿನವಾದಾಗ ಅಲ್ಲಿನ ಯಜಮಾನಿ ಫೋನು ಮಾಡಿದರು. "ಹದಿನಾಲ್ಕು ಮಿಷಿನ್ ನಿಂತಿದೆ. ನಿಮ್ಮ ಮೇಲೆ ನಂಗೇನೂ ಇಲ್ಲ, ನೋಡಿ. ಶನಿವಾರ ಬೆಳಿಗ್ಗೆ ಬರದಿದ್ರೆ ಬೇರೆಯವರನ್ನ ಖಾಯಂ ಮಾಡ್ಕೋತೀನಿ." ಅಂದು ಗುರುವಾರ. ಸೂಜಿಯಕ್ಕ "ಬರ್ತೀನಮ್ಮ" ಎಂದು ಫೋನಿಟ್ಟಳು. ಹೇಗೆ ಹೋಗುವುದೆಂದು ಅವಳಿಗೆ ಗೊತ್ತಿರಲಿಲ್ಲ, ಹೆದರಿಕೆಯಾಗಿತ್ತು.

ಶುಕ್ರವಾರ ಸಾರಿಗೆ ಅಧಿಕಾರಿಯೇ ಖುದ್ದಾಗಿ ಪರಿಶೀಲನೆಗೆ ಬಂದರು. ಕಾನೂನು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹುಟ್ಟಿದವರ ಹಾಗಿದ್ದರು. ಕೆಟ್ಟವರಲ್ಲ. ಲಂಚ ಮುಟ್ಟುವವರಲ್ಲ, ದನಿ ಏರಿಸುವವರಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು, ಅಷ್ಟೇ. ಮತ್ತು ಆ ಮೂರು ಕಾಲಿಗೂ ನಿಯಮದ ನಂಬರು ಕೊಡಬಲ್ಲವರು. ಹಿಂದೆ ಕೆಳಗಿನ ಗುಮಾಸ್ತ ಅರ್ಜಿ ಹಿಡಿದು ಬಂದ.

"ಕಾನೂನು ಸ್ಪಷ್ಟವಾಗಿದೆಯಮ್ಮ," ಎಂದರು ಅಧಿಕಾರಿ. "ನೆಲ ಮುಟ್ಟೋ ಚಕ್ರ ಮಾತ್ರ ಚಕ್ರ. ಮುಟ್ಟದೇ ಇರೋದು ಆಮೇಲೆ ತಗುಲಿಸಿದ ಸಾಮಾನು. ಅದನ್ನ ಲೆಕ್ಕಕ್ಕೆ ತಗೊಳಲ್ಲ."

ಬಗ್ಗಿ ನೋಡಿದರು. ಅಂಗಳದ ನೆಲ ಗುಂಡಿ ಬಿದ್ದಿತ್ತು. ಬಲಚಕ್ರ ನೆಲದ ಮೇಲಿತ್ತು, ಎಡಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿತ್ತು. "ಮೂರು," ಎಂದರು. ತ್ರಿಚಕ್ರ ವಾಹನವೆಂದರೆ ಬಾಡಿಗೆಯ ಪರವಾನಗಿ ಬೇಕು ಎಂದು ಗುಮಾಸ್ತ ನೆನಪಿಸಿದ. ಗಾಡಿಯನ್ನು ಸಿಮೆಂಟು ನೆಲಕ್ಕೆ ತಳ್ಳಿಸಿದರು. ಅಲ್ಲಿ ನಾಲ್ಕೂ ಮುಟ್ಟಿದವು. "ನಾಲ್ಕು." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಆದರೆ ಕುಣಿಯುತ್ತಿದ್ದವರು ಬೇರೆ. ನಿಂತ ಜಾಗಕ್ಕೆ ತಕ್ಕಂತೆ ವಾಹನದ ವರ್ಗ ಬದಲಾಗುತ್ತಿದೆ ಎಂದು ಅಧಿಕಾರಿ ಟಿಪ್ಪಣಿ ಬರೆಯಲು ಪೆನ್ನು ತೆಗೆದರು. ಆ ಟಿಪ್ಪಣಿ ಬರೆದಿದ್ದರೆ ಗಾಡಿ ಲಾರಿಯ ಪಕ್ಕದಲ್ಲೇ ತುಕ್ಕು ಹಿಡಿಯುತ್ತಿತ್ತು.

"ಸಾರ್, ನೆಲ ಮುಟ್ಟದಿದ್ರೆ ಎರಡೇ ಅಂತ ಬರೀತೀರಲ್ಲ?"

"ಖಂಡಿತ."

ಸೂಜಿಯಕ್ಕ ಹೆಗಲ ಚೀಲದಿಂದ ಸ್ಪ್ಯಾನರ್ ತೆಗೆದು ನೆಲದ ಮೇಲೆ ಕೂತಳು. ಎರಡೂ ಕಡೆಯ ಬೋಲ್ಟುಗಳನ್ನು ಸಡಿಲಿಸಿ, ಚಕ್ರಗಳನ್ನು ಹೌದೋ ಅಲ್ಲವೋ ಎನ್ನುವಷ್ಟು ಮೇಲಕ್ಕೆತ್ತಿ ಬಿಗಿದಳು. "ಸ್ವಲ್ಪ ಹ್ಯಾಂಡಲ್ ಹಿಡ್ಕೊಂಡು ನೆಟ್ಟಗೆ ನಿಲ್ಲಿಸಿ ಸಾರ್," ಎಂದಳು. ಅಧಿಕಾರಿ ಪುಸ್ತಕವನ್ನು ಲಾರಿಯ ಮೇಲಿಟ್ಟು, ಎರಡೂ ಕೈಯಲ್ಲಿ ಗಾಡಿಯನ್ನು ನೆಟ್ಟಗೆ ಹಿಡಿದು ನಿಂತರು. ಗುಮಾಸ್ತನ ಕೈಯಲ್ಲಿದ್ದ ಅರ್ಜಿಯನ್ನು ಅವಳು ಇಸಿದುಕೊಂಡು ಎಡಚಕ್ರದ ಕೆಳಗೆ ತೂರಿಸಿ ಎಳೆದಳು. ಸರಿಯಿತು. ಬಲಚಕ್ರದ ಕೆಳಗೂ ಸರಿಯಿತು. ಹತ್ತು ದಿನದಲ್ಲಿ ಆ ಅರ್ಜಿ ಸರಿದದ್ದು ಅದೇ ಮೊದಲು.

ಗುಮಾಸ್ತನೂ ಬಗ್ಗಿ ಒಮ್ಮೆ ಎಳೆದು ನೋಡಿದ. ಅಧಿಕಾರಿಯ ಮುಖ ಅರಳಿತು. ಕಾನೂನು ಮೀರದೆ ಒಬ್ಬರ ಕೆಲಸ ಆಯಿತಲ್ಲ ಎಂಬ ನಿಜವಾದ ಸಂತೋಷ ಅವರದು. "ದ್ವಿಚಕ್ರ," ಎಂದರು. ಕೈ ಬಿಟ್ಟ ಕೂಡಲೇ ಗಾಡಿ ಒಂದು ಹಾಳೆಯಷ್ಟು ವಾಲಿ, ಲೆಕ್ಕಕ್ಕಿಲ್ಲದ ಚಕ್ರದ ಮೇಲೆ ಆರಾಮಾಗಿ ಒರಗಿ ನಿಂತಿತು. ಅದನ್ನು ಮೂವರೂ ನೋಡಿದರು. ಸಹಿಗೆ ಮೇಲೆ ಬನ್ನಿ ಎಂದು ಅಧಿಕಾರಿ ಹೊರಟರು.

ಇಪ್ಪತ್ತೆರಡು ಮೆಟ್ಟಿಲು ಹತ್ತಿ ಅವರ ಕೋಣೆಗೆ ಹೋಗುವಷ್ಟರಲ್ಲಿ ಮೇಜಿನ ಮೇಲೆ ಇನ್ನೊಂದು ಹಾಳೆ ಕಾದಿತ್ತು. ದ್ವಿಚಕ್ರ ಸವಾರರು ಕೊಡಬೇಕಾದ ಹೇಳಿಕೆ. ಅದರಲ್ಲಿ ಹೀಗೆ ಅಚ್ಚಾಗಿತ್ತು: "ನನಗಿರುವ ಕಾಲುಗಳ ಸಂಖ್ಯೆ ......... . ಅವು ಸುಸ್ಥಿತಿಯಲ್ಲಿವೆ."

"ಪಕ್ಕದ ಚಕ್ರ ಇಲ್ಲ ಅಂತ ಆದ್ಮೇಲೆ ಇದು ಬೇಕೇಬೇಕು," ಎಂದರು ಅಧಿಕಾರಿ. "ಗಾಡಿ ನಿಂತಾಗ ಊರೋದಕ್ಕೆ ಕಾಲು ಬೇಕಲ್ವಾ?"

"ಸಾರ್, ನನ್ನ ಕಾಲು ನೋಡಿದೀರಲ್ಲ. ಅದಕ್ಕೇ ತಾನೆ ಆ ಚಕ್ರ ಇರೋದು?"

"ಯಾವ ಚಕ್ರ?" ಎಂದರು ಅವರು. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಗುಮಾಸ್ತ ಮೆಲ್ಲಗೆ, "ಎರಡು ಅಂತ ಹಾಕಿ ಸಹಿ ಮಾಡಿಬಿಡಿ ಮೇಡಂ, ಯಾರು ನೋಡ್ತಾರೆ" ಎಂದ. ಸೂಜಿಯಕ್ಕ ಪೆನ್ನು ಹಿಡಿದು ಕೂತಳು. ಎರಡು ಎಂದು ಬರೆದರೆ, ಅವು ಸುಸ್ಥಿತಿಯಲ್ಲಿವೆ ಎನ್ನುವುದು ಶುದ್ಧ ಸುಳ್ಳು. ಎರಡು, ಒಂದು ಗಿಡ್ಡ, ಎಂದು ಬರೆದರೆ ನಿಜ. ಆದರೆ ಗಾಡಿ ಹೋಯಿತು, ನಾಳೆ ಬೆಳಿಗ್ಗೆ ನಲವತ್ತು ಯಂತ್ರವೂ ಹೋದವು. ಹಳೆಯ ತರಗತಿಯೂ ಮೇಷ್ಟ್ರ ಬೆತ್ತವೂ ಯಾಕೋ ನೆನಪಾದವು. ಆಮೇಲೆ ಅವಳು ಬಗ್ಗಿ ಬಲಗಾಲಿನ ಬೂಟಿನ ಪಟ್ಟಿ ಬಿಚ್ಚತೊಡಗಿದಳು.

"ಏನಮ್ಮ ಮಾಡ್ತಿದೀರಿ?"

ಅವಳು ಬೂಟು ಕಳಚಿ ಪಕ್ಕಕ್ಕಿಟ್ಟು, ಮೇಜು ಹಿಡಿದು ಎದ್ದು ನಿಂತಳು. ಸಣಕಲು ಪಾದ ನೆಲದಿಂದ ಮೇಲೆ ನೇತಾಡಿತು. "ಆ ಹಾಳೆ ಇದರ ಕೆಳಗೆ ಸರಿಸಿ ನೋಡಿ ಸಾರ್."

ಅಧಿಕಾರಿ ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಹಾಳೆ ಹಿಡಿದು ಮಂಡಿಯೂರಿ, ಪಾದಕ್ಕೂ ನೆಲಕ್ಕೂ ನಡುವೆ ಸರಿಸಿದ. ಹಾಳೆಯೇನು, ಕಾನೂನು ಪುಸ್ತಕವೇ ಸರಿಯುವಷ್ಟು ಜಾಗವಿತ್ತು.

"ನೆಲ ಮುಟ್ಟದೇ ಇರೋದು ಲೆಕ್ಕಕ್ಕಿಲ್ಲ ಅಂದ್ರಿ," ಎಂದಳು ಸೂಜಿಯಕ್ಕ.

"ಆದ್ರೆ ಬೂಟು..."

"ಅದು ಆಮೇಲೆ ತಗುಲಿಸಿದ ಸಾಮಾನು ಸಾರ್."

ಅಧಿಕಾರಿ ಪುಸ್ತಕ ತೆರೆದರು. ಎರಡು ಕಡೆ ಗುರುತು ಪಟ್ಟಿ ಇಟ್ಟು ಹುಡುಕಿದರು. ಕಾಲು ಸುಸ್ಥಿತಿಯಲ್ಲಿರಬೇಕು ಎಂದು ಸ್ಪಷ್ಟವಾಗಿತ್ತು. ಎಷ್ಟಿರಬೇಕು ಎಂದು ಎಲ್ಲೂ ಇರಲಿಲ್ಲ. ಎರಡಕ್ಕಿಂತ ಕಡಿಮೆ ಇರುವವರು ಈ ಕೋಣೆಯವರೆಗೆ ಹತ್ತಿ ಬಂದಾರು ಎಂದು ಪುಸ್ತಕ ಬರೆದವರು ಕನಸಿನಲ್ಲೂ ನೆನೆದಿರಲಿಲ್ಲ. ಅವರು ಪುಸ್ತಕ ಮುಚ್ಚಿ, ನಿಟ್ಟುಸಿರು ಬಿಟ್ಟು, "ಬರೀರಿ" ಎಂದರು.

ಸೂಜಿಯಕ್ಕ ಖಾಲಿ ಜಾಗದಲ್ಲಿ "ಒಂದು" ಎಂದು ಬರೆದು ಸಹಿ ಹಾಕಿದಳು. ಬಾಳಿನಲ್ಲಿ ಅವಳು ಬರೆದ ಮೊದಲ ಸುಳ್ಳು ಅದು, ಮತ್ತು ಆ ಇಡೀ ಕಟ್ಟಡದಲ್ಲಿ ಅದು ಸುಳ್ಳೆಂದು ಅನ್ನಿಸಿದ್ದು ಅವಳೊಬ್ಬಳಿಗೇ. ಮೇಷ್ಟ್ರು ಬೆತ್ತ ಹಿಡಿದು ಬರೆಸಲಾಗದ್ದನ್ನು, ಗಂಡಿನ ತಾಯಿ ಮದುವೆಯನ್ನೇ ಮುಂದೊಡ್ಡಿ ಒಪ್ಪಿಸಲಾಗದ್ದನ್ನು, ಒಬ್ಬ ಸಭ್ಯ ಮನುಷ್ಯ "ಕುಡಿಯೋಕೆ ನೀರು ಬೇಕಾ" ಎಂದು ಕೇಳುತ್ತಾ ಬರೆಸಿಕೊಂಡಿದ್ದ. ಅವಳಿಗೆ ಅಳು ಬಂತು. ಅಲ್ಲಿ ಅಳಲಿಲ್ಲ, ಬೂಟಿನ ಪಟ್ಟಿ ಬಿಗಿಯುವ ನೆವದಲ್ಲಿ ತಲೆ ತಗ್ಗಿಸಿಕೊಂಡಳು.

ಗುಮಾಸ್ತ ಮೊಹರು ಒತ್ತಿ, ಒಂದು ಪ್ರತಿ ಅವಳ ಕೈಗೆ ಕೊಟ್ಟ. "ಇನ್ಮೇಲೆ ಎಲ್ಲಿ ಅರ್ಜಿ ಹಾಕಿದ್ರೂ ಹೀಗೇ ಬರೀಬೇಕು ಮೇಡಂ, ನೆನಪಿರಲಿ. ಒಂದ್ಸಲ ದಾಖಲೆಗೆ ಹೋದ್ಮೇಲೆ ಬದಲಾಯಿಸೋ ಹಾಗಿಲ್ಲ."

"ಆಯ್ತು," ಎಂದಳು ಸೂಜಿಯಕ್ಕ.

ಸರಪಳಿ ಬಿಚ್ಚಿಸಿಕೊಳ್ಳಬೇಕಿತ್ತು, ಯಜಮಾನಿಗೆ ಫೋನು ಮಾಡಬೇಕಿತ್ತು, ಹದಿನಾಲ್ಕು ಯಂತ್ರಗಳಿಗೆ ಬೇಕಾದ ಬಿಡಿಭಾಗ ಕೊಳ್ಳಬೇಕಿತ್ತು. ಕೋಲು ಹಿಡಿದು ಮೆಟ್ಟಿಲಿಳಿಯಲು ಶುರುಮಾಡಿದಳು. ಮೊದಲ ಹನ್ನೊಂದಕ್ಕೆ ಕಂಬಿಯಿರಲಿಲ್ಲ. ದಾಖಲೆಯಲ್ಲಿ ಇಲ್ಲದ ಕಾಲು ಒಂದೊಂದು ಮೆಟ್ಟಿಲಿಗೂ ನೋಯುತ್ತಿತ್ತು.